ಗಾಡಿಯ ಮೂಗಿಗೆ ಮೂವತ್ತೆಂಟು ಸಾವಿರ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಏರ್ ಇಂಟೇಕ್, ಅಂದರೆ ಎಂಜಿನ್ ಒಳಗೆ ಗಾಳಿ ಹೋಗುವ ದಾರಿ. ಬಾನೆಟ್ ಎತ್ತಿದರೆ ಹೊಳೆಯುವ ಪೈಪು, ಅದರ ತುದಿಗೆ ಕೆಂಪು ಕೋನ್ ಫಿಲ್ಟರು. ಹಾಸನದ ಬಿ.ಎಂ. ರಸ್ತೆಯ ನನ್ನ ಗ್ಯಾರೇಜಿಗೂ ತಿಂಗಳಿಗೆ ನಾಲ್ಕೈದು ಹುಡುಗರು ಇದನ್ನೇ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಕ್ಲಚ್, ಬ್ಯಾಟರಿ, ಮೈಲೇಜ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಬಾರಿ ಗಾಡಿಯ ಮೂಗಿನ ಮಾತು ಮಾತ್ರ.

ಪ್ರಶ್ನೆ: ಸಾರ್, ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ ಮ್ಯಾನ್ಯುಯಲ್. ಎರಡು ವರ್ಷ ಆಗಿದೆ, 18,000 ಕಿ.ಮೀ. ಓಡಿದೆ. ಬೆಂಗಳೂರಿನ ಒಂದು ಅಂಗಡಿಯವರು ಪೂರ್ತಿ ಇಂಟೇಕ್ ಕಿಟ್‌ಗೆ 38,000 ರೂಪಾಯಿ ಹೇಳಿದ್ದಾರೆ. 15 ಹೆಚ್‌ಪಿ ಜಾಸ್ತಿ ಸಿಗುತ್ತೆ ಅಂತಾರೆ. ಗೆಳೆಯ ಒಬ್ಬ, 'ಸುಮ್ನೆ 6,000ದ ಕಾಟನ್ ಫಿಲ್ಟರ್ ಒಂದು ಹಾಕು, ಸಾಕು' ಅಂತಾನೆ. ಕೆಲಸಕ್ಕೆ ದಿನಾ ಹೊಸಪೇಟೆಯಿಂದ ಸಂಡೂರು ಕಡೆ ಹೋಗಿಬರುತ್ತೇನೆ. ಯಾವುದು ತಗೊಳ್ಳಲಿ?
— ಹೊಸಪೇಟೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಕೊನೆಗೆ ಬಂದಿದೆ. ಸಂಡೂರು. ಅದಿರಿನ ಲಾರಿಗಳ ಹಿಂದೆ ಹೋಗುವ ಗಾಡಿ ಅಂದರೆ ಅದರ ಮೂಗಿನ ಕಥೆಯೇ ಬೇರೆ. ಅಲ್ಲಿಗೆ ಬರುತ್ತೇನೆ. ಮೊದಲು ಆ 15 ಹೆಚ್‌ಪಿ ವಿಚಾರ ಮುಗಿಸೋಣ.

ನಿಮ್ಮ ಎಂಜಿನ್ 1.5 ಲೀಟರಿನದು. ಎರಡು ಸುತ್ತಿಗೊಮ್ಮೆ ಒಂದೂವರೆ ಲೀಟರ್ ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ನಿಮಿಷಕ್ಕೆ 4500 ಲೀಟರ್. ಮನೆ ಮೇಲಿನ 1000 ಲೀಟರ್ ನೀರಿನ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಅಂಥ ನಾಲ್ಕೂವರೆ ಟ್ಯಾಂಕ್ ಗಾಳಿ, ಒಂದೇ ನಿಮಿಷದಲ್ಲಿ. ಟರ್ಬೊ ಒತ್ತಿ ತುಂಬುವುದರಿಂದ ನಿಜಕ್ಕೆ ಇನ್ನೂ ಜಾಸ್ತಿಯೇ ಹೋಗುತ್ತದೆ. ಇಷ್ಟೂ ಗಾಳಿ ಒಂದು ಸಣ್ಣ ಪೇಪರ್ ಫಿಲ್ಟರ್ ಮೂಲಕ ಹೋಗಬೇಕು ಅಂದಾಗ, 'ಅಲ್ಲೇ ಉಸಿರು ಕಟ್ಟುತ್ತಿದೆ' ಅನ್ನಿಸುವುದು ಸಹಜ. ಅಂಗಡಿಯವರು ಮಾರುವುದು ಈ ಅನ್ನಿಸಿಕೆಯನ್ನೇ.

ಉಸಿರು ನಿಜಕ್ಕೂ ಕಟ್ಟುತ್ತಿದೆಯಾ ಅಂತ ಅಳೆಯಬಹುದು. ದೊಡ್ಡ ಯಂತ್ರವೇನೂ ಬೇಡ. ಗಾರೆ ಕೆಲಸದವರು ಮಟ್ಟ ನೋಡಲು ಹಿಡಿಯುತ್ತಾರಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದೇ ಸಾಕು. ನಾನು ಅದನ್ನು ಒಂದು ಹಲಗೆಗೆ 'ಯು' ಆಕಾರದಲ್ಲಿ ಕಟ್ಟಿ, ನೀರಿಗೆ ಚಿಟಿಕೆ ಕುಂಕುಮ ಕಲಸಿ ಇಟ್ಟುಕೊಂಡಿದ್ದೇನೆ. ಏರ್‌ಬಾಕ್ಸ್ ಅಂದರೆ ಫಿಲ್ಟರ್ ಕೂರುವ ಪೆಟ್ಟಿಗೆ; ಅದರ ಒಂದು ಹಳೆಯ ಮುಚ್ಚಳಕ್ಕೆ ತೂತು ಹಾಕಿ, ನಿಪ್ಪಲ್ ಕೂರಿಸಿ, ಪೈಪಿನ ಒಂದು ತುದಿಯನ್ನು ಅಲ್ಲಿಗೆ ಕೊಡುತ್ತೇನೆ. ಇನ್ನೊಂದು ತುದಿ ಹೊರಗಿನ ಗಾಳಿಗೆ. ಗಾಡಿ ಪೂರ್ತಿ ಎಳೆಯುವಾಗ ನೀರು ಒಂದು ಕಡೆ ಮೇಲೇರುತ್ತದೆ. ಎಷ್ಟು ಸೆಂಟಿಮೀಟರ್ ವ್ಯತ್ಯಾಸವೋ ಅಷ್ಟು ಅಡ್ಡಿ ಅಂತ ಅರ್ಥ. ಪಕ್ಕದಲ್ಲಿ ಓದಲು ಒಬ್ಬ ಬೇಕು, ಹಲಗೆ ಎತ್ತರವಾಗಿರಬೇಕು. ಇಲ್ಲದಿದ್ದರೆ ಕುಂಕುಮದ ನೀರು ಎಂಜಿನ್ ಒಳಗೆ ಹೋಗಿ ಪೂಜೆ ಆಗಿಬಿಡುತ್ತದೆ.

ನಿಮ್ಮಂಥದ್ದೇ ಒಂದು ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಹೀಗೆ ನೋಡಿದಾಗ, ಹೊಸ ಪೇಪರ್ ಫಿಲ್ಟರ್ ಇದ್ದಾಗ 22 ಸೆಂಟಿಮೀಟರ್ ಬಂತು. ಫಿಲ್ಟರನ್ನೇ ತೆಗೆದು ಖಾಲಿ ಪೆಟ್ಟಿಗೆಯಲ್ಲಿ ಒಂದು ಸಲ ಓಡಿಸಿದೆ. ಮಳೆ ಬಿದ್ದು ಧೂಳು ಕೂತ ಬೆಳಗ್ಗೆ, ಎರಡೇ ನಿಮಿಷ. ನೀವು ಮಾಡಬೇಡಿ. ಆಗ 16 ಬಂತು. ಅಂದರೆ ಫಿಲ್ಟರಿನ ಪಾಲು ಬರೀ 6 ಸೆಂಟಿಮೀಟರ್. ಹಾಸನದ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಹತ್ತಿರ ಹತ್ತಿರ 920 ಸೆಂಟಿಮೀಟರ್ ನೀರಿಗೆ ಸಮ. 920ರಲ್ಲಿ 6. ನೂರಕ್ಕೆ ಒಂದು ಕೂಡ ಇಲ್ಲ. ಇದು ಒಂದೇ ಗಾಡಿಯ ಲೆಕ್ಕ, ಒಪ್ಪುತ್ತೇನೆ. ಆದರೆ ಫಿಲ್ಟರನ್ನು ಪೂರ್ತಿ ಕಿತ್ತೆಸೆದರೂ ಸಿಗದ್ದನ್ನು ಇನ್ನೊಂದು ಫಿಲ್ಟರ್ ಎಲ್ಲಿಂದ ಕೊಡಬೇಕು, ಹೇಳಿ?

ಇನ್ನೊಂದು ವಿಷಯ. ಟರ್ಬೊ ಗಾಡಿಯಲ್ಲಿ ಎಷ್ಟು ಗಾಳಿ ಒಳಗೆ ಹೋಗಬೇಕು ಅಂತ ತೀರ್ಮಾನಿಸುವುದು ಫಿಲ್ಟರ್ ಅಲ್ಲ, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ನಿಮ್ಮ ಗಾಡಿಗೆ ಕಂಪನಿ ಕೊಟ್ಟಿರುವುದು 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಆ ಅಂಕಿಗೆ ಎಷ್ಟು ಒತ್ತಡ ಬೇಕೋ ಅಷ್ಟು ಬಂದ ಕೂಡಲೇ ಇಸಿಯು ವೇಸ್ಟ್‌ಗೇಟ್, ಅಂದರೆ ಹೊಗೆಯನ್ನು ಟರ್ಬೊ ಚಕ್ರದ ಪಕ್ಕದಿಂದ ಹಾಯಿಸುವ ಬಾಗಿಲು, ತೆರೆದು ಟರ್ಬೊವನ್ನು ತಡೆಯುತ್ತದೆ. ನೀವು ಮುಂದೆ ದಾರಿ ಅಗಲ ಮಾಡಿಕೊಟ್ಟರೆ ಟರ್ಬೊ ಸ್ವಲ್ಪ ಕಡಿಮೆ ತಿಣುಕಿ ಅದೇ ಒತ್ತಡ ಕೊಡುತ್ತದೆ. ಅಷ್ಟೆ. ರಿಮ್ಯಾಪ್ ಮಾಡಿಸಿ, ಅಂದರೆ ಇಸಿಯು ಒಳಗಿನ ಸಾಫ್ಟ್‌ವೇರ್ ಬದಲಿಸಿ, ಅದು ಕೇಳುವ ಒತ್ತಡವನ್ನೇ ಏರಿಸಿದಾಗ ಮಾತ್ರ ಅಗಲವಾದ ಇಂಟೇಕ್‌ಗೆ ಕೆಲಸ ಬರುತ್ತದೆ. ಅದೂ ಸ್ಟೇಜ್ 1ರಲ್ಲಿ, ಅಂದರೆ ಬರೀ ರಿಮ್ಯಾಪ್ ಮಾಡಿದಾಗ, ಕಡಿಮೆ. ದೊಡ್ಡ ಟರ್ಬೊ ಹಾಕುವವರಿಗೆ ಮಾತ್ರ ಅದು ನಿಜಕ್ಕೂ ಬೇಕೇಬೇಕು.

'ಆದರೆ ಅಂಗಡಿಯವರು ಡೈನೋ ಶೀಟ್ ತೋರಿಸಿದರು' ಅಂತೀರೇನೋ. ಗಾಡಿಯನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆದ ಚೀಟಿ ಅದು. ಮೂರು ಪ್ರಶ್ನೆ ಕೇಳಿ. ಮೊದಲಿನ ಓಟ ಮತ್ತು ಆಮೇಲಿನ ಓಟ ಒಂದೇ ದಿನದ್ದಾ? ಪ್ರತಿಯೊಂದಕ್ಕೂ ಮೂರು ಸಲ ಓಡಿಸಿದ್ದೀರಾ? ಬಾನೆಟ್ ಮುಚ್ಚಿತ್ತಾ, ತೆರೆದಿತ್ತಾ? ಈ ಕೊನೆಯದು ಹಳೇ ಕೈಚಳಕ. ಬಾನೆಟ್ ತೆರೆದು, ಮುಂದೆ ದೊಡ್ಡ ಫ್ಯಾನ್ ಇಟ್ಟು ಅಳೆದರೆ ತೆರೆದ ಕೋನ್ ಫಿಲ್ಟರಿಗೆ ತಂಪು ಗಾಳಿ ಹೇರಳ. ರಸ್ತೆಯಲ್ಲಿ ಬಾನೆಟ್ ತೆರೆದುಕೊಂಡು ಯಾರು ಓಡಿಸುತ್ತಾರೆ?

ಹಾಗಾದರೆ ಈ ಕಿಟ್ ಹಾಕಿಸಿದವರೆಲ್ಲ ದಡ್ಡರಾ? ಅಲ್ಲ. ಅವರಿಗೆ ಸಿಗುವುದು ಶಬ್ದ. ಆಕ್ಸಿಲರೇಟರ್ ಒತ್ತಿದಾಗ ಟರ್ಬೊ ಎಳೆಯುವ ಸುಯ್ ಶಬ್ದ, ಕಾಲು ತೆಗೆದಾಗ ಬರುವ ಚುಸ್. ಕಂಪನಿಯ ಪೆಟ್ಟಿಗೆಯಲ್ಲಿ ಇದನ್ನೆಲ್ಲ ಅಡಗಿಸಿ ಇಟ್ಟಿರುತ್ತಾರೆ. ಶಬ್ದ ಬೇಕು ಅಂತ ದುಡ್ಡು ಕೊಡುವುದರಲ್ಲಿ ತಪ್ಪೇನೂ ಇಲ್ಲ. ಜನ ನಾದಸ್ವರಕ್ಕೂ ದುಡ್ಡು ಕೊಡುತ್ತಾರೆ. ಶಬ್ದಕ್ಕೆ ಕೊಟ್ಟ ದುಡ್ಡನ್ನು ಹೆಚ್‌ಪಿ ಲೆಕ್ಕಕ್ಕೆ ಬರೆದುಕೊಂಡಾಗಲೇ ತೊಂದರೆ.

ಈಗ ಸಂಡೂರಿಗೆ ಬರೋಣ. ಧೂಳಿನ ವಿಷಯದಲ್ಲಿ ನನಗೊಂದು ಹಳೇ ಗಾಯ ಇದೆ. ರ‍್ಯಾಲಿಗಳಲ್ಲಿ ಸರ್ವಿಸ್ ಟೆಂಟ್ ಕೆಲಸ ಮಾಡುತ್ತಿದ್ದ ಕಾಲ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿ, ಒಣ ಹವೆ. ಮುಂದಿನ ಗಾಡಿ ಎಬ್ಬಿಸಿದ ಧೂಳು ಮರಗಳ ನಡುವೆ ಹಾಗೇ ತೇಲುತ್ತಿತ್ತು. ರಾತ್ರಿ ನಾನೇ ಫೋಮ್ ಫಿಲ್ಟರ್ ತೊಳೆದು, ಎಣ್ಣೆ ಹಚ್ಚಿ ಕೂರಿಸಿದ್ದೆ. ಅಂಚಿಗೆ ಗ್ರೀಸ್ ಹಚ್ಚುವುದನ್ನು ಮರೆತೆ. ಅಂಚಿನಲ್ಲಿ ಉಗುರಿನಷ್ಟು ಸಂದು. ಎರಡು ದಿನ ಓಡಿದ ಮೇಲೆ ಸೈಲೆನ್ಸರ್‌ನಿಂದ ನೀಲಿ ಹೊಗೆ. ಬಿಚ್ಚಿದರೆ ಸಿಲಿಂಡರ್ ಗೋಡೆ ಮರಳು ಕಾಗದ ಉಜ್ಜಿದ ಹಾಗೆ. ಪಿಸ್ಟನ್ ರಿಂಗ್‌ಗಳು ಮುಗಿದಿದ್ದವು. ಡ್ರೈವರ್ ಬೈಯಲಿಲ್ಲ, ಎದುರಿಗೆ ನಿಂತು ಟೀ ಕುಡಿದ. ಬೈದಿದ್ದರೇ ಚೆನ್ನಾಗಿತ್ತು.

ಟರ್ಬೊ ಗಾಡಿಯಲ್ಲಿ ಧೂಳು ರಿಂಗ್ ತಲುಪುವುದಕ್ಕೂ ಮುಂಚೆ ಇನ್ನೊಂದು ಕಡೆ ಹೊಡೆಯುತ್ತದೆ. ಟರ್ಬೊದ ಅಲ್ಯೂಮಿನಿಯಂ ಚಕ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ. ಅದರ ರೆಕ್ಕೆಯ ಅಂಚಿಗೆ ಅದಿರಿನ ಕಣ ಬಡಿಯುವುದು ಅಂದರೆ ಉಳಿಗೆ ಕಲ್ಲು ತಾಗಿದ ಹಾಗೆ. ಒಂದೇ ದಿನಕ್ಕೆ ಏನೂ ಆಗುವುದಿಲ್ಲ. ದಿನ ಕಳೆದಂತೆ ಅಂಚು ಮೊಂಡಾಗುತ್ತದೆ.

ಫಿಲ್ಟರ್‌ಗಳಲ್ಲಿ ಪೇಪರ್, ಎಣ್ಣೆ ಹಚ್ಚಿದ ಕಾಟನ್, ಫೋಮ್ ಅಂತ ಮೂರು ಜಾತಿ. ಕೆ ಅಂಡ್ ಎನ್, ಬಿಎಂಸಿ ಇವರದ್ದು ಕಾಟನ್. ಪೈಪರ್‌ಕ್ರಾಸ್ ಅವರದು ಫೋಮ್. ಒಂದೇ ಅಳತೆಯಲ್ಲಿ ನೋಡಿದರೆ ಸಾಮಾನ್ಯವಾಗಿ ಗಾಳಿ ಸಲೀಸಾಗಿ ಬಿಡುವುದರಲ್ಲಿ ಕಾಟನ್ ಮುಂದು, ಸಣ್ಣ ಧೂಳು ಹಿಡಿಯುವುದರಲ್ಲಿ ಪೇಪರ್ ಮುಂದು. ಎರಡನ್ನೂ ಒಟ್ಟಿಗೆ ಕೇಳಿದರೆ ಫಿಲ್ಟರ್ ದೊಡ್ಡದಾಗಬೇಕು. ನಿಮ್ಮ ಏರ್‌ಬಾಕ್ಸಿನಲ್ಲಿ ಜಾಗ ಇರುವುದು ಇಷ್ಟೇ. ಫಿಲ್ಟರ್ ತಯಾರಕರು ಐಎಸ್‌ಒ 5011 ಅನ್ನುವ ಪರೀಕ್ಷೆ ಮಾಡಿಸುತ್ತಾರೆ. ಗೊತ್ತಾದ ತೂಕದ ಧೂಳನ್ನು ಊದಿ, ಎಷ್ಟು ಹಿಡಿಯಿತು, ಎಷ್ಟು ಅಡ್ಡಿ ಆಯಿತು, ಎಷ್ಟು ಧೂಳಿಗೆ ಕಟ್ಟಿಕೊಂಡಿತು ಅಂತ ನೋಡುವುದು. ಕೊಳ್ಳುವ ಫಿಲ್ಟರಿಗೆ ಆ ಅಂಕಿ ಇದೆಯಾ ಕೇಳಿ. ಗಾಳಿಯ ಅಂಕಿ ಹೇಳಿ ಧೂಳಿನ ಅಂಕಿ ನುಂಗುವವರಿಂದ ದೂರ ಇರಿ.

ನನ್ನ ಸಲಹೆ: 38,000 ಬೇಡ. 6,000ವೂ ಬೇಡ. ಕಂಪನಿಯ ಪೇಪರ್ ಫಿಲ್ಟರನ್ನೇ ಇಟ್ಟುಕೊಳ್ಳಿ. ಸರ್ವಿಸ್ ಪುಸ್ತಕದಲ್ಲಿ ಬರೆದ ಕಿ.ಮೀ. ಬೆಂಗಳೂರಿನ ಡಾಂಬರು ರಸ್ತೆಗೆ ಸರಿ. ಅದೇ ಪುಸ್ತಕದಲ್ಲಿ ಧೂಳಿರುವ ಕಡೆ ಬೇಗ ನೋಡಿ ಅಂತಲೂ ಇರುತ್ತದೆ, ಆ ಸಾಲನ್ನು ಯಾರೂ ಓದುವುದಿಲ್ಲ. ನಿಮ್ಮ ದಾರಿಗೆ 5,000ಕ್ಕೆ ಒಮ್ಮೆ ತೆಗೆದು ನೋಡಿ, 10,000ಕ್ಕೆ ಬದಲಿಸಿ. ಸರ್ವಿಸ್ ಸೆಂಟರಿನಲ್ಲಿ ಏರ್ ಹೊಡೆದು 'ಕ್ಲೀನ್ ಮಾಡಿದ್ದೇವೆ' ಅಂದರೆ ಒಪ್ಪಬೇಡಿ. ಜೋರು ಗಾಳಿಗೆ ಪೇಪರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ನಿಮ್ಮೂರಿಗೆ ಒಂದು ಅನುಕೂಲ ಇದೆ. ಧೂಳು ಕೆಂಪು. ಫಿಲ್ಟರ್ ಬದಲಿಸುವಾಗ ಅದರ ಆಚೆ, ಅಂದರೆ ಎಂಜಿನ್ ಕಡೆಯ ಪೈಪಿನ ಒಳಗೋಡೆಯನ್ನು ಹಳೇ ಬಿಳಿ ಪಂಚೆಯ ತುಂಡಿನಿಂದ ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ ನೆಮ್ಮದಿ. ಕೆಂಪು ಬಂತೋ, ಫಿಲ್ಟರ್ ಸರಿಯಾಗಿ ಕೂತಿಲ್ಲ. ಆಗಲೇ ಸರಿಯಾಗಿ ಕೂರಿಸಿದರೆ ನನ್ನ ಹಾಗೆ ಟೀ ಕುಡಿಯುವವನ ಮುಂದೆ ನಿಲ್ಲಬೇಕಾಗಿ ಬರುವುದಿಲ್ಲ.

ಉಳಿದ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ. ಇಷ್ಟು ಓದಿಯೂ ಶಬ್ದ ಬೇಕೇ ಬೇಕು ಅನ್ನಿಸಿದರೆ ಪೆಟ್ಟಿಗೆ ಪೂರ್ತಿ ಮುಚ್ಚಿರುವ ಕಿಟ್ ನೋಡಿ. ಗಾಳಿ ಮುಂದಿನ ಗ್ರಿಲ್‌ನಿಂದಲೇ ಬರಬೇಕು, ಬಾನೆಟ್ ಒಳಗಿನಿಂದ ಅಲ್ಲ. ಹೋಸ್ ಸಿಲಿಕೋನ್ ಇರಲಿ, ಕ್ಲಾಂಪ್ ಸ್ಟೀಲ್ ಇರಲಿ, ರಬ್ಬರ್ ಅಂಚು ಒತ್ತಿದರೆ ಮೆತ್ತಗೆ ಮರಳಿ ಬರಲಿ. ಕಂಪನಿಯ ಪೆಟ್ಟಿಗೆಯನ್ನು ಮಾತ್ರ ಮಾರಬೇಡಿ, ಅಟ್ಟದ ಮೇಲೆ ಇರಲಿ. ಯಾಕೆ ಅಂತ ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ನಮಸ್ತೆ. ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಹ್ಯುಂಡೈ ಐ20 ಎನ್ ಲೈನ್ ಕೊಂಡೆ, 1.0 ಟರ್ಬೊ. ಹಿಂದಿನ ಮಾಲೀಕರು ಕೋಲ್ಡ್ ಏರ್ ಇಂಟೇಕ್ ಹಾಕಿಸಿದ್ದಾರೆ. ಉದ್ದ ಪೈಪ್, ಫಿಲ್ಟರ್ ಬಂಪರ್ ಹಿಂದೆ, ಫಾಗ್ ಲೈಟ್ ಹತ್ತಿರ ಕೆಳಗಿದೆ. ಗಾಡಿ ಚೆನ್ನಾಗಿ ಓಡುತ್ತದೆ. ಮಳೆಗಾಲಕ್ಕೆ ಭಯ. ನನ್ನ ಆಫೀಸ್ ಬೆಳ್ಳಂದೂರಿನಲ್ಲಿ.
— ಬೆಂಗಳೂರಿನ ಓದುಗರು

ಉತ್ತರ: ಮೇಡಂ, ನಿಮ್ಮ ಭಯ ಸರಿಯಾಗಿಯೇ ಇದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದದ್ದನ್ನು ನೀವೂ ನೋಡಿರುತ್ತೀರಿ.

ಫಿಲ್ಟರನ್ನು ಕೆಳಗೆ ಇಡುವುದರ ಹಿಂದೆ ಒಳ್ಳೆ ಯೋಚನೆಯೇ ಇದೆ. ಅಲ್ಲಿ ಎಂಜಿನ್ ಬಿಸಿ ತಟ್ಟುವುದಿಲ್ಲ, ಗಾಳಿ ತಂಪು. ಆದರೆ ಕಂಪನಿಯವರು ಗಾಳಿಯ ಬಾಯಿಯನ್ನು ರೇಡಿಯೇಟರ್ ಮೇಲೆ, ಬಾನೆಟ್ ಅಂಚಿನ ಹತ್ತಿರ ಇಟ್ಟಿರುವುದು ಸುಮ್ನೆ ಅಲ್ಲ. ಅಲ್ಲಿಗೂ ತಂಪು ಗಾಳಿ ಬರುತ್ತದೆ, ನೀರು ಮಾತ್ರ ಸುಲಭಕ್ಕೆ ಬರುವುದಿಲ್ಲ. ನಿಮ್ಮ ಗಾಡಿಯ ಮೂಗು ಈಗ ಮೊಣಕಾಲಿಗಿಂತ ಕೆಳಗಿದೆ. ಫಿಲ್ಟರ್ ನೀರಲ್ಲಿ ಮುಳುಗಿದರೆ ಎಂಜಿನ್ ಗಾಳಿಯ ಬದಲು ನೀರು ಎಳೆಯುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು.

ಮಳೆ ಶುರುವಾಗುವ ಮೊದಲು ಕಂಪನಿಯ ಏರ್‌ಬಾಕ್ಸ್ ವಾಪಸ್ ಹಾಕಿಸಿ. ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ, ಅವರ ಅಟ್ಟದಲ್ಲೇ ಇರಬಹುದು. ಇಲ್ಲದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಿಸಿ. ಪೆಟ್ಟಿಗೆ, ಮುಚ್ಚಳ, ಮುಂದಿನ ಡಕ್ಟ್, ಹಿಂದಿನ ಹೋಸ್ ನಾಲ್ಕೂ ಬೇಕು. ಡಕ್ಟ್ ಇಲ್ಲದೆ ಬರೀ ಪೆಟ್ಟಿಗೆ ತಂದು ಕೂರಿಸುವವರಿದ್ದಾರೆ, ನೋಡಿಕೊಳ್ಳಿ.

ಅಷ್ಟರೊಳಗೆ ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಬಟನ್ ಒತ್ತಲೇಬೇಡಿ. ಎಷ್ಟೋ ಎಂಜಿನ್ ಹಾಳಾಗುವುದು ಆ ಎರಡನೇ ಸ್ಟಾರ್ಟಿನಲ್ಲಿ. ಟೋ ಮಾಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೀರು ಹೊರಗೆ ಹಾಕಿಸಿ. ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಟ್, ಅಂದರೆ ಎಂಜಿನ್ ಹಾನಿಗೆ ಬೇರೆಯಾಗಿ ಕೊಳ್ಳುವ ರಕ್ಷಣೆ, ಇದೆಯಾ ನೋಡಿ. ಇದ್ದರೂ, ಪಾಲಿಸಿಯಲ್ಲಿ ಹೇಳದೆ ಹಾಕಿಸಿದ ಇಂಟೇಕ್‌ನಿಂದ ನೀರು ಹೋಗಿದೆ ಅಂತ ಸರ್ವೇಯರ್ ಬರೆದರೆ ಕ್ಲೈಮ್ ಕಷ್ಟ.

ಪ್ರಶ್ನೆ: ಅಂಕಲ್, ಅಪ್ಪನ ಸ್ವಿಫ್ಟ್ ಪೆಟ್ರೋಲ್ ಗಾಡಿಗೆ ಆನ್‌ಲೈನ್‌ನಲ್ಲಿ 2,200ರ ಕೋನ್ ಫಿಲ್ಟರ್ ನೋಡಿದ್ದೇನೆ. 5 ಹೆಚ್‌ಪಿ ಬರುತ್ತಾ? ಪೊಲೀಸ್ ಹಿಡೀತಾರಾ? ಅಪ್ಪನಿಗೆ ಗೊತ್ತಾಗದ ಹಾಗೆ ಹಾಕಬಹುದಾ?
— ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ತಮ್ಮಾ, ಮೂರನೇ ಪ್ರಶ್ನೆಗೆ ಮೊದಲು ಉತ್ತರ. ಗೊತ್ತಾಗುತ್ತದೆ. ಮನೆ ಗೇಟ್ ದಾಟುವ ಮೊದಲೇ ಗೊತ್ತಾಗುತ್ತದೆ. ಕೋನ್ ಫಿಲ್ಟರಿನ ಗೊರಗೊರ ಸದ್ದಿಗೆ ಪಕ್ಕದ ಮನೆಯವರೂ ಹೊರಗೆ ಬರುತ್ತಾರೆ.

ನಿನ್ನ ವಯಸ್ಸಿನಲ್ಲಿ ಅಲ್ಲ, ಬುದ್ಧಿ ಬಂದಿದೆ ಅಂದುಕೊಂಡ ವಯಸ್ಸಿನಲ್ಲೇ ನಾನೂ ಇದನ್ನು ಮಾಡಿದ್ದೆ. ನನ್ನದು ಹಳೇ ಹೋಂಡಾ ಸಿಟಿ 1.5 ವಿಟೆಕ್. 106 ಕುದುರೆಗಳ ಆ ಎಂಜಿನ್ ಆಗಿನ ಕಾಲಕ್ಕೆ ದೇವರು. ಅದಕ್ಕೆ ಒಂದು ಕೋನ್ ಫಿಲ್ಟರ್ ಸಿಕ್ಕಿಸಿದೆ. ಶಬ್ದ ಕೇಳಿ ಎರಡು ದಿನ ನಿದ್ದೆ ಬರಲಿಲ್ಲ, ಸಂತೋಷಕ್ಕೆ. ಮೂರನೇ ದಿನ ಸಕಲೇಶಪುರದ ಕಡೆ ಹೊರಟೆ. ಬೆಳಗ್ಗೆ ಸರಿಯಾಗೇ ಎಳೆಯಿತು. ಮಧ್ಯಾಹ್ನ ಲಾರಿಗಳ ಸಾಲಿನಲ್ಲಿ ಅರ್ಧ ಗಂಟೆ ನಿಂತು, ಆಮೇಲೆ ಓವರ್‌ಟೇಕ್ ಮಾಡಲು ಒತ್ತಿದರೆ ಗಾಡಿ ಸುಸ್ತಾದ ಎತ್ತಿನ ಹಾಗೆ. ಕೋನ್ ಕೂತಿದ್ದ ಜಾಗಕ್ಕೆ ರೇಡಿಯೇಟರಿನ ಬಿಸಿಗಾಳಿ ನೇರ ಬರುತ್ತಿತ್ತು.

ನೀನು ಇಂಜಿನಿಯರಿಂಗ್ ಓದುತ್ತಿದ್ದೀಯ, ಲೆಕ್ಕ ಹಾಕು. ಹೊರಗೆ 30 ಡಿಗ್ರಿ. ಬಾನೆಟ್ ಒಳಗೆ ಟ್ರಾಫಿಕ್‌ನಲ್ಲಿ 60 ಅನ್ನು. ಕೆಲ್ವಿನ್‌ಗೆ ತಿರುಗಿಸಿದರೆ 303 ಮತ್ತು 333. ಅಷ್ಟೇ ಒತ್ತಡದಲ್ಲಿ ಗಾಳಿಯ ಸಾಂದ್ರತೆ 9%ರಷ್ಟು ಕಡಿಮೆ. ಟರ್ಬೊ ಇಲ್ಲದ ನಿನ್ನ ಅಪ್ಪನ ಗಾಡಿಗೆ ಆ ಕೊರತೆ ತುಂಬಿಕೊಡುವವರು ಯಾರೂ ಇಲ್ಲ. ಫಿಲ್ಟರ್ ಸಲೀಸು ಮಾಡಿ ಒಂದು ಪರ್ಸೆಂಟ್ ಗಳಿಸಿ, ಬಿಸಿ ಗಾಳಿ ಕುಡಿಸಿ ಅದರ ಹಲವು ಪಟ್ಟು ಕಳೆಯುವ ವ್ಯಾಪಾರ ಇದು. ಅದರ ಮೇಲೆ, ಕಂಪನಿಯ ಪೈಪಿನ ಉದ್ದ ಮತ್ತು ಪೆಟ್ಟಿಗೆಯ ಗಾತ್ರ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ಚೆನ್ನಾಗಿ ತುಂಬಲಿ ಅಂತ ಲೆಕ್ಕ ಹಾಕಿ ಮಾಡಿದ್ದು. ಅದನ್ನು ಕಿತ್ತರೆ ಊರೊಳಗಿನ ಪಿಕಪ್ಪೇ ಹೋಗಬಹುದು.

ಪೊಲೀಸ್ ವಿಚಾರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಮಾಲೀಕರು ಅಂದರೆ ಇಲ್ಲಿ ನಿನ್ನ ಅಪ್ಪ. ಪೆಟ್ಟಿಗೆಯೊಳಗೆ ಅದೇ ಅಳತೆಯ ಬೇರೆ ಫಿಲ್ಟರ್ ಹಾಕಿದರೆ ಯಾರೂ ತಲೆ ಕೆಡಿಸಿಕೊಳ್ಳುವುದನ್ನು ನಾನು ನೋಡಿಲ್ಲ. ತೆರೆದ ಕೋನ್ ಹಾಗಲ್ಲ, ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

2,200ನ್ನು ಎತ್ತಿಡು. ಸ್ವಿಫ್ಟಿನ ಸ್ಪಾರ್ಕ್ ಪ್ಲಗ್ ಬದಲಿಸಿ ಎಷ್ಟು ದಿನ ಆಯಿತು ಅಂತ ಅಪ್ಪನನ್ನು ಕೇಳು.

ಪ್ರಶ್ನೆ: ನನ್ನ ಪೋಲೊ ಜಿಟಿ ಟಿಡಿಐಗೆ ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಇದೆ. ಮೊನ್ನೆ ಮನೆಯಲ್ಲೇ ತೊಳೆದು, ಎಣ್ಣೆ ಹಾಕಿ ಕೂರಿಸಿದೆ. ಎರಡು ದಿನಕ್ಕೆ ಚೆಕ್ ಎಂಜಿನ್ ಲೈಟ್ ಬಂತು, ಪಿಕಪ್ ಬಿದ್ದಿದೆ. ಫಿಲ್ಟರ್ ಹಾಳಾಯಿತೇ?
— ಶಿವಮೊಗ್ಗದ ಓದುಗರು

ಉತ್ತರ: ಫಿಲ್ಟರ್ ಹಾಳಾಗಿಲ್ಲ, ನಿಮ್ಮ ಕೈ ಸ್ವಲ್ಪ ಧಾರಾಳ. ಒಗ್ಗರಣೆಗೆ ಹಾಕಿದ ಹಾಗೆ ಎಣ್ಣೆ ಸುರಿದಿದ್ದೀರಿ ಅಂತ ನನ್ನ ಅನುಮಾನ.

ನಿಮ್ಮ ಡೀಸೆಲ್ ಎಂಜಿನ್‌ನಲ್ಲಿ ಫಿಲ್ಟರ್ ಆದ ಕೂಡಲೇ ಎಂಎಎಫ್ ಸೆನ್ಸರ್ ಇದೆ. ಒಳಗೆ ಬಿಸಿಯಾಗಿರುವ ಪುಟ್ಟ ಎಳೆ. ಗಾಳಿ ಹಾದಾಗ ಅದು ಎಷ್ಟು ತಣ್ಣಗಾಗುತ್ತದೆ ಅನ್ನುವುದರಿಂದ ಇಸಿಯುಗೆ ಗಾಳಿಯ ಲೆಕ್ಕ ಸಿಗುತ್ತದೆ. ಅದರ ಮೇಲೆ ಎಣ್ಣೆ ಕೂತರೆ, ಎಣ್ಣೆಗೆ ಧೂಳು ಅಂಟಿದರೆ, ಲೆಕ್ಕ ತಪ್ಪುತ್ತದೆ. ಗಾಳಿ ಕಡಿಮೆ ಅಂತ ನಂಬಿ ಇಸಿಯು ಡೀಸೆಲ್ ಕೂಡ ಕಡಿಮೆ ಕೊಡುತ್ತದೆ.

ಎಂಎಎಫ್ ಕ್ಲೀನರ್ ಅಂತಲೇ ಸ್ಪ್ರೇ ಸಿಗುತ್ತದೆ. ಕಾರ್ಬುರೇಟರ್ ಕ್ಲೀನರ್ ಹೊಡೆಯಬೇಡಿ. ಬ್ಯಾಟರಿ ತಂತಿ ತೆಗೆದು, ಸೆನ್ಸರ್ ಬಿಚ್ಚಿ, ದೂರದಿಂದ ಹತ್ತು ಸಲ ಹೊಡೆದು ಒಣಗಲು ಬಿಡಿ. ಬಟ್ಟೆ, ಬೆರಳು, ಕಿವಿ ಕಡ್ಡಿ ಯಾವುದೂ ಆ ಎಳೆಗೆ ತಾಗಬಾರದು. ಫಿಲ್ಟರನ್ನು ಮತ್ತೆ ತೊಳೆಯಿರಿ. ನೀರು ಒಳಗಡೆಯಿಂದ, ಅಂದರೆ ಶುದ್ಧವಾದ ಕಡೆಯಿಂದ ಹೊರಕ್ಕೆ ಹೋಗಬೇಕು. ನೆರಳಿನಲ್ಲಿ ಒಣಗಿಸಿ, ಹೇರ್ ಡ್ರೈಯರ್ ಬೇಡ. ಶಿವಮೊಗ್ಗದ ಮಳೆಗಾಲದಲ್ಲಿ ಇದಕ್ಕೆ ಎರಡು ದಿನವೇ ಬೇಕಾಗಬಹುದು, ಅವಸರ ಮಾಡಬೇಡಿ. ಆಮೇಲೆ ಒಂದೊಂದು ಮಡಿಕೆಗೆ ತೆಳ್ಳಗೆ ಒಂದು ಸಾಲು ಎಣ್ಣೆ. ಬಣ್ಣ ಪೂರ್ತಿ ಹರಡಲು ಇಪ್ಪತ್ತು ನಿಮಿಷ ಬಿಡಿ. ಬಿಳಿ ಉಳಿದ ಕಡೆ ಮಾತ್ರ ಇನ್ನೊಂದು ಹನಿ. ಪೇಪರ್ ಮೇಲೆ ಇಟ್ಟು ಎತ್ತಿದಾಗ ಕಲೆ ಬಿದ್ದರೆ ಇನ್ನೂ ಜಾಸ್ತಿ ಇದೆ ಅಂತ ಅರ್ಥ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಊರು ಅರಸೀಕೆರೆ. ಅಮ್ಮ ಕಳಿಸುವ ನಿಮ್ಮ ಅಂಕಣ ತಪ್ಪದೆ ಓದುತ್ತೇನೆ. 2018ರ ಸುಬಾರು ಡಬ್ಲ್ಯುಆರ್‌ಎಕ್ಸ್ ಇದೆ. ಇಲ್ಲಿ ಎಲ್ಲರೂ ಇಂಟೇಕ್ ಹಾಕಿಸುತ್ತಾರೆ. ನಾನೂ ಹಾಕಲೇ?

ಉತ್ತರ: ಅರಸೀಕೆರೆಯವರಾ! ನಮ್ಮ ಜಿಲ್ಲೆಯವರೇ. ನಿಮ್ಮಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಗಾಡಿಯಲ್ಲಿ ಒಂದು ಕಿತಾಪತಿ ಇದೆ. ಎಂಎಎಫ್ ಸೆನ್ಸರ್ ಇಂಟೇಕ್ ಪೈಪಿನಲ್ಲೇ ಕೂತಿದೆ. ಅದು ಪೈಪಿನ ಒಂದು ಜಾಗದ ಗಾಳಿಯನ್ನು ಮಾತ್ರ ನೋಡುತ್ತದೆ. ಪೈಪು ಇಷ್ಟು ಅಗಲ ಅಂತ ಮೊದಲೇ ಗೊತ್ತಿರುವುದರಿಂದ ಇಸಿಯು ಅದರಿಂದ ಒಟ್ಟು ಲೆಕ್ಕ ಕಟ್ಟುತ್ತದೆ. ನೀವು ಪೈಪು ಅಗಲ ಮಾಡಿದರೆ ಗಾಳಿಯ ವೇಗ ಇಳಿಯುತ್ತದೆ. ಕಾಲುವೆ ಅಗಲವಾದರೆ ನೀರು ನಿಧಾನ ಆಗುತ್ತಲ್ಲ, ಹಾಗೆ. ಇಸಿಯು ಗಾಳಿ ಕಡಿಮೆ ಅಂದುಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತದೆ. ತೂಕದಲ್ಲಿ ಗಾಳಿ 14.7ಕ್ಕೆ ಪೆಟ್ರೋಲ್ 1 ಅನ್ನುವ ಸಾಮಾನ್ಯ ಲೆಕ್ಕವನ್ನು ಅದು ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಸರಿ ಮಾಡಿಕೊಳ್ಳುತ್ತದೆ. ಟರ್ಬೊ ಪೂರ್ತಿ ಒತ್ತುವಾಗ, ಪೆಟ್ರೋಲ್ ಜಾಸ್ತಿ ಬೇಕಾದ ಹೊತ್ತಿನಲ್ಲೇ ಕಡಿಮೆ ಬಿದ್ದರೆ ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು, ಶುರು. ಹಾಗಾಗಿ ಅಗಲ ಪೈಪಿನ ಕಿಟ್ ಹಾಕಿದರೆ ಅದಕ್ಕೆ ತಕ್ಕ ಟ್ಯೂನ್, ಅಂದರೆ ರಿಮ್ಯಾಪ್, ಕಡ್ಡಾಯ. ಟ್ಯೂನ್ ಬೇಡ ಅಂದರೆ ಕಂಪನಿಯ ಪೆಟ್ಟಿಗೆ, ಪೈಪು ಹಾಗೇ ಇರಲಿ, ಒಳಗಿನ ಫಿಲ್ಟರ್ ಮಾತ್ರ ಬದಲಿಸಿ.

ಇನ್ನು ನಿಮ್ಮ ರಾಜ್ಯದ ಕಾನೂನು ನಮ್ಮದಕ್ಕಿಂತ ಬಿಗಿ. ಇಂಟೇಕ್ ಕಿಟ್‌ಗೆ ಅಲ್ಲಿನ ಕಾರ್ಬ್, ಅಂದರೆ ಗಾಳಿ ಸಂಪನ್ಮೂಲ ಮಂಡಳಿ ಕೊಟ್ಟ ಇಒ ನಂಬರ್, ಅಂದರೆ ಒಪ್ಪಿಗೆಯ ಸಂಖ್ಯೆ, ಇರಬೇಕು. ನಂಬರ್ ಯಾವ ಮಾಡೆಲ್, ಯಾವ ವರ್ಷದ ಗಾಡಿಗೆ ಅಂತಲೂ ನೋಡಿ. ಸ್ಟಿಕ್ಕರನ್ನು ಬಾನೆಟ್ ಒಳಗೆ ಕಾಣುವ ಕಡೆ ಅಂಟಿಸಿ. ಸ್ಮಾಗ್ ಚೆಕ್‌ನಲ್ಲಿ ಹೊಗೆ ಸರಿಯಿದ್ದರೂ ನಂಬರ್ ಇಲ್ಲದ ಪೈಪು ಕಣ್ಣಿಗೆ ಬಿದ್ದರೆ ಫೇಲ್ ಮಾಡುತ್ತಾರೆ. ಅಲ್ಲಿ ಮೊದಲ ಎಂಟು ವರ್ಷ ಚೆಕ್ ಇಲ್ಲ, ಹಾಗಾಗಿ ಎಷ್ಟೋ ಜನ ಹಾಕಿಸಿಕೊಂಡು ಆರಾಮಾಗಿ ಓಡಾಡುತ್ತಾರೆ. ನಿಮ್ಮ ಗಾಡಿಗೆ ಆ ಲೆಕ್ಕ ಮುಗಿಯುವ ಹೊತ್ತಾಗಿದೆ. ಊರಿಗೆ ಬಂದಾಗ ಗ್ಯಾರೇಜಿಗೆ ಬನ್ನಿ, ಕುಂಕುಮದ ಪೈಪು ತೋರಿಸುತ್ತೇನೆ.